ಕರೆಂಟ್ ಹೋದ ಹೊತ್ತಿನ ಫುಟ್‌ಬಾಲ್ ಮೇಷ್ಟ್ರು

ಹೆಸರು ಹೇಳುವುದಿಲ್ಲ. ಗೊತ್ತಿರುವವರು ಕಾಮೆಂಟಿನಲ್ಲಿ ಹಾಕಲೂ ಬೇಡಿ. ತಮ್ಮ ಹೆಸರು ನೋಟಿಸ್ ಬೋರ್ಡಿನಲ್ಲಿ ಕಂಡರೂ ಮುಖ ಆ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದ ಮನುಷ್ಯ ಅವರು. ಹೋದ ವಾರ ಹೊಸಕೋಟೆಯಲ್ಲಿ ಅವರಿಗೆ ಮಣ್ಣು ಕೊಟ್ಟು ಬಂದೆವು. ದೊಡ್ಡಬಳ್ಳಾಪುರದಿಂದ ನಾವು ಹಳೇ ಹುಡುಗರು ಒಂದೇ ಕಾರಿನಲ್ಲಿ ತುರುಕಿಕೊಂಡು ಹೋಗಿದ್ದೆವು. ಹೋಗುವಾಗ ಒಬ್ಬರೂ ಬಾಯಿ ಬಿಡಲಿಲ್ಲ. ಬರುವಾಗ ಒಬ್ಬರೂ ಬಾಯಿ ಮುಚ್ಚಲಿಲ್ಲ.

ಅವತ್ತಿನಿಂದ ನನ್ನ ತಲೆಯಲ್ಲಿ ಅದೇ ಓಡುತ್ತಿದೆ. ನಮ್ಮ ಕಾಲೇಜಿನ ಮೊಟ್ಟಮೊದಲ ಫುಟ್‌ಬಾಲ್ ತಂಡ, ಅದರ ಒಂದೇ ಒಂದು ಸೀಸನ್ನು, ಸುಣ್ಣದ ಗೆರೆಯ ಆಚೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಿರುತ್ತಿದ್ದ ನಮ್ಮ ಭೂಗೋಳದ ಮೇಷ್ಟ್ರು. ಫುಟ್‌ಬಾಲ್ ಅಂದ ತಕ್ಷಣ ಮುಂದಿನ ಪೋಸ್ಟಿಗೆ ಓಡಬೇಡಿ. ನನಗೂ ಆ ಆಟ ಅಷ್ಟೇನೂ ಗೊತ್ತಿಲ್ಲ. ಒಂದು ಸೀಸನ್ ಪೂರ್ತಿ ತಂಡದಲ್ಲಿದ್ದು ಒಂದು ನಿಮಿಷವೂ ಮ್ಯಾಚ್ ಆಡದವನು ನಾನು.

ಮಣ್ಣು ಕೊಟ್ಟ ಮೇಲೆ ಅವರ ಮನೆಗೆ ಹೋದೆವು. ಅವರ ಹೆಂಡತಿ ಬಾಗಿಲ ಪರದೆಯ ಹತ್ತಿರ ಕೂತಿದ್ದರು. ನಮ್ಮನ್ನು ನೋಡಿ, "ನೀವು ಬಳ್ಳಾಪುರದ ಫುಟ್‌ಬಾಲ್ ಬಚ್ಚೇ ಅಲ್ವಾ?" ಅಂದರು. ನಮ್ಮಲ್ಲಿ ಒಬ್ಬನಿಗೆ ತಲೆ ಪೂರಾ ಬೋಳು, ಇನ್ನೊಬ್ಬನಿಗೆ ಮಗಳ ಮದುವೆ ಗೊತ್ತಾಗಿದೆ. ಆದರೂ ಅವರಿಗೆ ನಾವಿನ್ನೂ ಬಚ್ಚೇ, ಮಕ್ಕಳು.

"ನಿಮ್ ಸಾರ್‌ದು ಒಂದು ಹುಚ್ಚು ಕೇಳಿ," ಅಂತ ಅವರೇ ಶುರು ಮಾಡಿದರು. "ಟೀವೀಲಿ ಮ್ಯಾಚ್ ಬಂದ್ರೆ ಸೌಂಡ್ ಪೂರಾ ಬಂದ್. ನಾನು ಕೇಳ್ದೆ, ಏನ್ರೀ ಇದು, ಮೂಗರ ಆಟನಾ ಅಂತ. ಅದಕ್ಕೆ ಏನಂದ್ರು ಗೊತ್ತಾ? ಶಬ್ದ ಇದ್ರೆ ನಂಗೆ ಆಟ ಕಾಣಲ್ಲ ಅಂದ್ರು."

ಅವರಿಗೆ ಅದು ಹುಚ್ಚಾಗಿ ಕಂಡಿತ್ತು. ನಮ್ಮಲ್ಲಿ ಯಾರಿಗೂ ಹಾಗೆ ಕಾಣಲಿಲ್ಲ. ಯಾಕೆ ಅಂತ ಹೇಳಬೇಕಾದರೆ ನಮ್ಮ ಊರಿನ ಶಬ್ದದ ಬಗ್ಗೆ ಹೇಳಬೇಕು.

ದೊಡ್ಡಬಳ್ಳಾಪುರ ಮಗ್ಗದ ಊರು. ಕರೆಂಟಿನಲ್ಲಿ ಓಡುವ ಮಗ್ಗ, ಬೀದಿ ಬೀದಿಯಲ್ಲೂ, ಎಷ್ಟೋ ಮನೆಯ ನಡುಮನೆಯಲ್ಲೇ. ಲಾಳಿ ಆ ಕಡೆ ಈ ಕಡೆ ಹೊಡೆಯುವ ಟಕಟಕ ಶಬ್ದ ಹಗಲೂ ರಾತ್ರಿ. ಹುಟ್ಟಿದಾಗಿನಿಂದ ಕೇಳಿದವರಿಗೆ ಅದು ಕೇಳಿಸುವುದೇ ಇಲ್ಲ. ನಿಂತಾಗ ಮಾತ್ರ ಕೇಳಿಸುತ್ತದೆ. ನಾವು ಕಾಲೇಜಿನಲ್ಲಿದ್ದ ಕಾಲಕ್ಕೆ ದಿನಾ ಲೋಡ್‌ಶೆಡ್ಡಿಂಗ್. ಒಂದು ವಾರ ಬೆಳಗ್ಗೆ ಕರೆಂಟ್ ತೆಗೆದರೆ ಇನ್ನೊಂದು ವಾರ ಮಧ್ಯಾಹ್ನದ ಮೇಲೆ. ಕರೆಂಟ್ ಹೋದ ಗಳಿಗೆಗೆ ಇಡೀ ಊರು ಒಂದೇ ಸಲ ಸುಮ್ಮನಾಗುತ್ತಿತ್ತು. ಎಲ್ಲೋ ಒಂದು ಕಾಗೆ, ಯಾರದೋ ಕೆಮ್ಮು, ನೀರು ಹಾಕುವ ಶಬ್ದ, ಇವೆಲ್ಲ ಆಗಷ್ಟೇ ಹುಟ್ಟಿದ ಹಾಗೆ ಕೇಳುತ್ತಿದ್ದವು.

ಆ ನಿಶ್ಶಬ್ದದಲ್ಲಿ ನಮ್ಮ ತಂಡ ಬೀದಿ ಬೀದಿಯಿಂದ ಹೊರಬರುತ್ತಿತ್ತು. ನನ್ನೊಬ್ಬನನ್ನು ಬಿಟ್ಟರೆ ತಂಡವೆಲ್ಲ ಮಗ್ಗದ ಹುಡುಗರು, ಕಾಲೇಜಿಗೆ ಸೇರಿದ್ದರೂ ಕ್ಲಾಸಿಗಿಂತ ಮಗ್ಗದ ಮುಂದೆಯೇ ಹೆಚ್ಚು ಇದ್ದವರು. ತಲೆಕೂದಲಿಗೆ ದಾರದ ಜುಂಗು ಅಂಟಿಕೊಂಡಿರುತ್ತಿತ್ತು, ಮಂಜಿನಲ್ಲಿ ನಡೆದು ಬಂದವರ ಹಾಗೆ. ಮಗ್ಗ ಓಡುವಾಗ ಅವರಿಗೆ ಬಿಡುವಿಲ್ಲ, ಮಗ್ಗ ನಿಂತರೆ ಬಿಡುವು. ಹೀಗಾಗಿ ಪ್ರಾಕ್ಟೀಸಿನ ಟೈಮನ್ನು ನಾವು ಇಡುತ್ತಿರಲಿಲ್ಲ. ಕರೆಂಟಿನವರು ಇಡುತ್ತಿದ್ದರು.

ಮೇಷ್ಟ್ರು ಇದನ್ನು ಮೊದಲ ವಾರದಲ್ಲೇ ಅರ್ಥಮಾಡಿಕೊಂಡರು. ಕ್ಲಾಸಿನಲ್ಲಿ ಮುಂಗಾರು ಮಾರುತ ಹೇಗೆ ಬರುತ್ತದೆ ಅಂತ ಕೈಯನ್ನು ಸಮುದ್ರದಿಂದ ಬೆಟ್ಟಕ್ಕೆ ನಿಧಾನ ಎತ್ತುತ್ತಾ ಇರುತ್ತಿದ್ದರು. ಹೊರಗೆ ಊರು ಸುಮ್ಮನಾಗುತ್ತಿತ್ತು. ಅವರ ಕೈ ಗಾಳಿಯಲ್ಲಿ ಅಲ್ಲೇ ನಿಲ್ಲುತ್ತಿತ್ತು.

"ಮಿಕ್ಕ ಮಳೆ ನಾಳೆ," ಅಂತ ಪುಸ್ತಕ ಮಡಚುತ್ತಿದ್ದರು.

ಕಾಲೇಜಿನಲ್ಲಿ ಪಿ.ಟಿ. ಮೇಷ್ಟ್ರ ಪೋಸ್ಟು ಖಾಲಿ ಬಿದ್ದಿತ್ತು. ಇನ್‌ಚಾರ್ಜ್ ಯಾರು ತಗೋತೀರಿ ಅಂತ ಪ್ರಿನ್ಸಿಪಾಲರು ಮೀಟಿಂಗಿನಲ್ಲಿ ಕೇಳಿದಾಗ ಎಲ್ಲರೂ ಟೀ ಲೋಟದೊಳಗೆ ನೋಡಿದರಂತೆ. ಇವರು ಒಬ್ಬರೇ ಕೈ ಎತ್ತಿ, "ತಗೋತೀನಿ, ಆದ್ರೆ ಫುಟ್‌ಬಾಲ್ ಶುರು ಮಾಡ್ತೀನಿ," ಅಂದರಂತೆ. ನಮ್ಮ ಕಾಲೇಜು ಕಬಡ್ಡಿಯ ಕಾಲೇಜು. ಪ್ರಿನ್ಸಿಪಾಲರೂ ಒಂದು ಕಾಲದಲ್ಲಿ ಕಬಡ್ಡಿ ಆಡಿದವರು, ತೊಡೆ ನೋಡಿದರೇ ಗೊತ್ತಾಗುತ್ತಿತ್ತು. ಅವರಿಗೆ ಆ ಖಾಲಿ ಮೈದಾನದಲ್ಲಿ ಹೊಸ ಕಟ್ಟಡ ಎಬ್ಬಿಸುವ ಯೋಚನೆಯೂ ಇತ್ತು. ಕೊನೆಗೆ ಒಂದು ಷರತ್ತು ಹಾಕಿದರು. "ಒಂದು ಸೀಸನ್ ಕೊಡ್ತೀನಿ. ಒಂದೇ ಒಂದು ಮ್ಯಾಚ್ ಗೆದ್ದು ತೋರ್ಸಿ. ಗೆದ್ರೆ ಮೈದಾನ ನಿಮ್ದು. ಇಲ್ಲಾಂದ್ರೆ ಗೋಲ್ ಕಂಬ ಕಿತ್ತು, ಪಾಯ ತೆಗೆಸ್ತೀನಿ."

ಈ ಷರತ್ತನ್ನು ಮೇಷ್ಟ್ರು ನಮಗೆ ಹವಾಮಾನ ವರದಿ ಓದಿದ ಹಾಗೆ ಹೇಳಿದರು. ಭಯ ನಮಗೆ ಆಯಿತು. ಅವರಿಗೂ ಆಗಿತ್ತು ಅಂತ ತಿಳಿದಿದ್ದು ಎಷ್ಟೋ ಆಮೇಲೆ. ಆ ಸೀಸನ್ ಪೂರ್ತಿ ಅವರು ಸರಿಯಾಗಿ ನಿದ್ದೆ ಮಾಡಲಿಲ್ಲವಂತೆ. ಅವರ ಹೆಂಡತಿ ಹೇಳಿದ್ದು.

ಮೊನ್ನೆ ಕಾರಿನಲ್ಲಿ ಬರುವಾಗ ಎಲ್ಲರೂ ಅವರನ್ನು ದೊಡ್ಡ ಕೋಚ್ ಮಾಡಿಬಿಟ್ಟರು. ಸತ್ತವರಿಗೆ ನಾವು ಮಾಡುವ ಉಪಚಾರ ಅದು. ನನ್ನನ್ನು ಕೇಳಿದರೆ ಕೋಚ್ ಆಗಿ ಅವರು ಅಷ್ಟಕ್ಕಷ್ಟೆ. ಅವರು ಜೀವನದಲ್ಲಿ ಫುಟ್‌ಬಾಲ್ ಆಡಿದವರಲ್ಲ. ಚಿಕ್ಕಂದಿನಲ್ಲಿ ಬೆಂಗಳೂರಿನ ಆಸ್ಟಿನ್ ಟೌನಿನಲ್ಲಿ ಮಾವನ ಮನೆಯಲ್ಲಿದ್ದರಂತೆ, ಅಲ್ಲಿ ಸಂಜೆಯೆಲ್ಲ ಮೈದಾನದ ಕಟ್ಟೆ ಮೇಲೆ ಕೂತು ನೋಡಿದ್ದರಂತೆ, ಅಷ್ಟೆ. "ನಾನು ಆಡ್ದವನಲ್ಲಪ್ಪ, ನೋಡ್ದವನು," ಅನ್ನುತ್ತಿದ್ದರು. ತಂಡದಲ್ಲಿ ಹನ್ನೊಂದು ಜನ ಮತ್ತು ನಾನು. ನನ್ನನ್ನು ಆಟಕ್ಕೆ ಇಳಿಸಬೇಕು ಅನ್ನುವುದೇ ಅವರಿಗೆ ಮರೆತುಹೋಗುತ್ತಿತ್ತು. ನಾನು ಪಕ್ಕದ ಮಧುರೆ ಹಳ್ಳಿಯವನು, ನಮ್ಮ ಮನೆಯಲ್ಲಿ ಮಗ್ಗವಿಲ್ಲ, ಹಸುಗಳಿದ್ದವು. ಮಗ್ಗದ ಹುಡುಗರ ಕಾಲು ಲಾಳಿಯ ಹಾಗೆ, ನನ್ನ ಕಾಲು ನಮ್ಮ ಹಸುವಿನ ಹಾಗೆ. ಹೀಗಾಗಿ ಗೆರೆಯಾಚೆ ಅವರ ಪಕ್ಕ ನಿಲ್ಲುವ ಕೆಲಸ ನನ್ನದಾಯಿತು. ಬೇಜಾರಿಲ್ಲ. ಆ ಮನುಷ್ಯನ ಪಕ್ಕ ನಿಂತು ನೋಡುವುದು ಬೇರೆಯೇ ಒಂದು ಸುಖ.

ಬಾಲನ್ನು ಅವರು ಕಾಲೇಜಿನ ಸ್ಟೋರಿನಲ್ಲಿ ಇಡುತ್ತಿರಲಿಲ್ಲ. ಅಲ್ಲಿ ಇಲಿ. ವೈರಿನ ಬುಟ್ಟಿಯಲ್ಲಿ ಇಟ್ಟುಕೊಂಡು ದಿನಾ ಹೊಸಕೋಟೆಯಿಂದ ದೇವನಹಳ್ಳಿ ಮೇಲೆ ಬಸ್ಸಿನಲ್ಲಿ ಬರುತ್ತಿದ್ದರು, ತೊಡೆ ಮೇಲೆ ಕೂರಿಸಿಕೊಂಡು. ಕಂಡಕ್ಟರಿಗೆ ಅದೊಂದು ದಿನದ ತಮಾಷೆ. "ಸಾರ್, ಕೂಸಿಗೆ ಆಫ್ ಟಿಕೆಟ್ ಹರೀಲಾ?" ಅನ್ನುತ್ತಿದ್ದ. ಮೇಷ್ಟ್ರು ಅಷ್ಟೇ ಗಂಭೀರವಾಗಿ, "ಇನ್ನೂ ಹಲ್ಲು ಬಂದಿಲ್ಲಪ್ಪ, ಬಿಡು," ಅನ್ನುತ್ತಿದ್ದರು.

ಪಾಠ ಹೇಳುವ ರೀತಿಯೇ ಆಟ ಹೇಳುವ ರೀತಿ. ಎಲ್ಲರೂ ಬಾಲಿನ ಹಿಂದೆ ಗುಂಪುಕಟ್ಟಿ ಓಡಿದರೆ ಅವರಿಗೆ ನೋವಾಗುತ್ತಿತ್ತು.

"ಅದೇನು ಪ್ರಸಾದನೇನ್ರಪ್ಪ, ಎಲ್ಲಾರೂ ಮುಗಿಬೀಳ್ತೀರಾ? ಬಾಲ್ ಬಿಡಿ, ಅದು ಮುಂದೆ ಎಲ್ಲಿಗೆ ಬರ್ಬೋದು ಅಂತ ಒಂದು ಕನಸು ಕಾಣಿ. ಅಲ್ಲಿ ಹೋಗಿ ನಿಂತ್ಕೊಳ್ಳಿ. ಬಂದೇ ಬರುತ್ತೆ."

ನಮ್ಮ ಕ್ಯಾಪ್ಟನ್ ನಾಗರಾಜ ನೇಕಾರರ ಮಗ, ಬಾಯಿ ಜೋರು. "ಸಾರ್, ನಾನು ಕನಸು ಕಾಣಕ್ಕೆ ನಿಂತ್ರೆ ಅಲ್ಲೇ ನಿದ್ದೆ ಬಂದ್ಬಿಡ್ತೈತೆ. ರಾತ್ರಿಯೆಲ್ಲಾ ಮಗ್ಗ," ಅಂದ.

"ನಿದ್ದೇಲೂ ಸರಿಯಾದ್ ಜಾಗದಲ್ಲಿ ನಿಂತ್ಕೊ. ಸಾಕು."

ಪ್ರಾಕ್ಟೀಸ್ ಮುಗಿಯಿತು ಅನ್ನುವುದಕ್ಕೆ ವಿಷಲ್ ಇರಲಿಲ್ಲ. ಮೊದಲು ಕೋಟೆ ಕಡೆಯ ಒಂದು ಬೀದಿಯಲ್ಲಿ ಟಕ್ ಅನ್ನುತ್ತಿತ್ತು. ಪಕ್ಕದ ಬೀದಿ ಅದಕ್ಕೆ ಸೇರಿಕೊಳ್ಳುತ್ತಿತ್ತು. ನೋಡನೋಡುತ್ತಾ ಊರೆಲ್ಲ ಟಕಟಕ. ಕರೆಂಟ್ ಬಂತು. ಯಾರು ಎಲ್ಲಿದ್ದರೋ ಅಲ್ಲಿಂದಲೇ ಓಟ, ಒಂದು ಮಾತಿಲ್ಲ, ಗೋಲಿನ ಮುಂದೆ ಒಬ್ಬನೇ ಇದ್ದರೂ ಬಾಲ್ ಬಿಟ್ಟು ಓಟ. ತಡವಾದರೆ ಅಪ್ಪಂದಿರು ಬಿಡುತ್ತಿರಲಿಲ್ಲ. ಒದ್ದ ಬಾಲು ಒದ್ದ ಹಾಗೇ ಖಾಲಿ ಮೈದಾನದಲ್ಲಿ ಉರುಳಿಕೊಂಡು ಹೋಗುತ್ತಿತ್ತು. ಮೇಷ್ಟ್ರು ಅದು ನಿಲ್ಲುವವರೆಗೂ ಕಣ್ಣು ತೆಗೆಯುತ್ತಿರಲಿಲ್ಲ. ಕೆಂಪು ಧೂಳು, ಇಳಿಬಿಸಿಲು, ಯಾರೂ ಇಲ್ಲದ ಮೈದಾನದಲ್ಲಿ ತನ್ನಷ್ಟಕ್ಕೆ ಹೋಗುತ್ತಿರುವ ಒಂದು ಬಾಲು. ಈಗಲೂ ಒಮ್ಮೊಮ್ಮೆ ಕಣ್ಣು ಮುಚ್ಚಿದರೆ ಅದು ಇನ್ನೂ ಉರುಳುತ್ತಲೇ ಇರುತ್ತದೆ.

ಸೀಸನ್ ಅಂದರೆ ಮೂರೇ ಮ್ಯಾಚು. ಮೊದಲನೆಯದು ನೆಲಮಂಗಲದ ಕಡೆ, ಅರಿಶಿನಕುಂಟೆ ಹತ್ತಿರ, ಹೈವೇ ಪಕ್ಕದ ಬಯಲಿನಲ್ಲಿ. ಅಲ್ಲಿಯ ಕಾಲೇಜಿನ ಹುಡುಗರ ಕಾಲಲ್ಲಿ ಬೂಟು, ನಮ್ಮ ಹುಡುಗರಲ್ಲಿ ಅರ್ಧ ಜನ ಬರಿಗಾಲು. ಚೆನ್ನಾಗಿ ಒದೆ ತಿಂದೆವು. ಬರುವಾಗ ಬಸ್ಸಿನಲ್ಲಿ ಸೂತಕದ ಕಳೆ. ಮೇಷ್ಟ್ರು ಕಿಟಕಿಯಲ್ಲಿ ಲಾರಿಗಳನ್ನು ನೋಡುತ್ತಾ ಕೂತಿದ್ದವರು ಇದ್ದಕ್ಕಿದ್ದ ಹಾಗೆ ಈ ಕಡೆ ತಿರುಗಿದರು.

"ಆ ನಾಲ್ಕನೇ ಗೋಲ್ ಎಷ್ಟು ಚೆನ್ನಾಗಿತ್ತು, ನೋಡಿದ್ರಾ?"

ನಮ್ಮ ಗೋಲ್‌ಕೀಪರ್ ಶಬ್ಬೀರ, ಮಗ್ಗ ರಿಪೇರಿ ಮಾಡುತ್ತಿದ್ದವನು, ಹಿಂದಿನ ಸೀಟಿನಿಂದ ಹೇಳಿದ, "ನೋಡ್ದೆ ಸಾರ್. ನನ್ ಕಾಲ್ ಸಂದೀಲೇ ಹೋಯ್ತಲ್ಲ."

ಬಸ್ಸಿಗೆ ಬಸ್ಸೇ ನಕ್ಕಿತು. ಮೇಷ್ಟ್ರೂ ನಕ್ಕರು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು. ನಗುವುದಕ್ಕೂ ಪರ್ಮಿಶನ್ ಕೇಳುವವರ ಹಾಗೆ ನಗುತ್ತಿದ್ದರು ಅವರು.

ಎರಡನೆಯದು ಅವರದೇ ಊರು ಹೊಸಕೋಟೆಯಲ್ಲಿ. ಯಾರೂ ಗೋಲ್ ಹೊಡೆಯಲಿಲ್ಲ. ಡ್ರಾ. ಆಟ ಮುಗಿದ ಮೇಲೆ ಮೇಷ್ಟ್ರ ಮನೆಯಲ್ಲಿ ನಮಗೆಲ್ಲ ಊಟ. ಅವತ್ತು ನಾವು ತಿಂದದ್ದನ್ನು ನೋಡಿ ಅವರ ಹೆಂಡತಿ, "ಆಟದಲ್ಲೂ ಹಿಂಗೇ ಮುಂದೆ ನುಗ್ಗಿದ್ರೆ ಗೆಲ್ತಿದ್ರಿ, ಬೇಟಾ," ಅಂದರು.

ಉಳಿದದ್ದು ಒಂದು ಮ್ಯಾಚು. ನಮ್ಮ ಮೈದಾನದಲ್ಲೇ, ದೇವನಹಳ್ಳಿ ಕಾಲೇಜಿನ ಮೇಲೆ. ಗೆದ್ದರೆ ತಂಡ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಎಲ್ಲಾ ಹುಡುಗರೂ ಸಿಗಬೇಕಲ್ಲ, ಅದಕ್ಕೆ ಮೇಷ್ಟ್ರು ಲೋಡ್‌ಶೆಡ್ಡಿಂಗ್ ಯಾವ ಹೊತ್ತು ಅಂತ ವಿಚಾರಿಸಿಕೊಂಡು ಬಂದು, ಮಧ್ಯಾಹ್ನದ ಮೇಲೆ ಕರೆಂಟ್ ಇಲ್ಲದ ವಾರದಲ್ಲೇ ಮ್ಯಾಚ್ ಇಟ್ಟರು. ಸಂಜೆವರೆಗೂ ಕರೆಂಟ್ ಬರುವುದಿಲ್ಲ. ಲೆಕ್ಕ ಸರಿಯಾಗಿತ್ತು.

ಅವತ್ತು ಪ್ರಿನ್ಸಿಪಾಲರು ಕುರ್ಚಿ ಹಾಕಿಸಿಕೊಂಡು ಗೆರೆ ಪಕ್ಕ ಕೂತರು, ಪಾಯಕ್ಕೆ ಜಾಗ ಅಳೆಯುವವರ ಹಾಗೆ ಮೈದಾನವನ್ನು ಆ ತುದಿಯಿಂದ ಈ ತುದಿಗೆ ನೋಡುತ್ತಾ. ಊರು ತಣ್ಣಗಿತ್ತು. ಬಾಲಿಗೆ ಕಾಲು ತಾಗುವ ಶಬ್ದ, ಹುಡುಗರ ಉಸಿರು, ಪಕ್ಕದ ಬೇವಿನ ಮರದಲ್ಲಿ ಗಾಳಿ. ಮೊದಲರ್ಧ ಮುಗಿಯುವ ಮುಂಚೆ ನಮ್ಮ ಕಡೆಯವನೊಬ್ಬ ಬಾಲನ್ನು ಕಣ್ಣುಮುಚ್ಚಿ ಒದ್ದ. ಅದು ಯಾರೂ ಇಲ್ಲದ ಕಡೆ ಹೋಯಿತು. ಯಾರೂ ಇಲ್ಲ ಅಂದುಕೊಂಡೆವು, ನೋಡಿದರೆ ಅಲ್ಲಿ ನಾಗರಾಜ ನಿಂತಿದ್ದ. ಓಡಿ ಬಂದು ನಿಂತದ್ದಲ್ಲ, ಬಸ್‌ಸ್ಟಾಪಿನಲ್ಲಿ ನಿಂತ ಹಾಗೆ ಮುಂಚೆಯೇ ನಿಂತಿದ್ದ. ಬಾಲು ಬಂತು, ತಳ್ಳಿದ, ಗೋಲಾಯಿತು. ಮೇಷ್ಟ್ರು ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬಿಡಲೇ ಇಲ್ಲ.

ದ್ವಿತೀಯಾರ್ಧಕ್ಕೆ ಪ್ರಿನ್ಸಿಪಾಲರು ಕುರ್ಚಿಯಲ್ಲಿ ಇರಲಿಲ್ಲ. ಗೆರೆ ಮೇಲೆ ನಿಂತು, "ಹಿಡೀರೋ ಅವನ್ನ, ಕಾಲ್ ಹಿಡೀರೋ," ಅಂತ ಕೂಗುತ್ತಿದ್ದರು. ಕಬಡ್ಡಿ ಎಲ್ಲಿ ಬಿಡುತ್ತದೆ.

ಇನ್ನು ಸ್ವಲ್ಪ ಹೊತ್ತು ಹೀಗೇ ಕಳೆದಿದ್ದರೆ ಆಗಿತ್ತು. ದೇವನಹಳ್ಳಿ ಹುಡುಗನೊಬ್ಬ ಬಾಲ್ ತಗೊಂಡು ಮೈದಾನದ ನಮ್ಮ ಅರ್ಧಕ್ಕೆ ಬಂದಿದ್ದ. ಆಗ ಕೋಟೆ ಕಡೆಯಿಂದ ಟಕ್ ಅಂತು.

ಕರೆಂಟ್ ಅವತ್ತು ಯಾಕೆ ಬೇಗ ಬಂತು ಅಂತ ಇವತ್ತಿಗೂ ಗೊತ್ತಿಲ್ಲ. ಒಂದು ಬೀದಿ, ಇನ್ನೊಂದು ಬೀದಿ, ಆಮೇಲೆ ಊರೆಲ್ಲ. ನಮ್ಮ ಹುಡುಗರ ಕಾಲಿಗೆ ಮಾತ್ರ ಅದು ಕೇಳಿಸಿರಬೇಕು, ತಲೆಗೆ ಅಲ್ಲ. ನಾಗರಾಜ ತಿರುಗಿ ಕಾಂಪೌಂಡಿನ ಸಂದಿ ಕಡೆ ಓಡಿದ. ಅವನ ಹಿಂದೆ ಇಬ್ಬರು. ಶಬ್ಬೀರ ಕೈಗವಸು ಕಳಚುತ್ತಾ ಗೋಲ್ ಬಿಟ್ಟು ಹೊರಗೆ ಬಂದ. ನೋಡುತ್ತಿದ್ದಂತೆ ನಮ್ಮ ಮೈದಾನದಲ್ಲಿ ನಮ್ಮವರೇ ಇರಲಿಲ್ಲ. ಮಗ್ಗದ ಮನೆಯವನಲ್ಲದ ನಾನೊಬ್ಬ, "ಲೇ, ಮ್ಯಾಚ್ ಕಣ್ರೋ ಇದು," ಅಂತ ಅರಚಿದೆ. ನನ್ನ ದನಿ ಮಗ್ಗದ ಸದ್ದಿನಲ್ಲಿ ಮುಳುಗಿಹೋಯಿತು.

ದೇವನಹಳ್ಳಿ ಹುಡುಗ ಬಾಲಿನ ಮೇಲೆ ಕಾಲಿಟ್ಟು ನಿಂತ. ಅವನ ಮುಖ ನೋಡಬೇಕಿತ್ತು.

"ಏನಾಯ್ತು ಗುರು, ಯಾಕ್ ಓಡ್ತಾವ್ರೆ ಇವ್ರು?" ಅಂತ ತನ್ನವರನ್ನು ಕೇಳಿದ. ಅವರಿಗೇನು ಗೊತ್ತು. ಅವನು ಆ ಕಡೆ ಈ ಕಡೆ ನೋಡಿ, ಎದುರಿಗೆ ಯಾರೂ ಬರದ್ದಕ್ಕೆ ಹೆದರಿದವನ ಹಾಗೆ, ಬಾಲನ್ನು ಮೆಲ್ಲಗೆ ಖಾಲಿ ಗೋಲಿನೊಳಕ್ಕೆ ಉರುಳಿಸಿದ.

ಅಷ್ಟರಲ್ಲಿ ನಾಗರಾಜ ಸಂದಿಯ ಹತ್ತಿರ ನಿಂತಿದ್ದ. ತಾನು ಏನು ಮಾಡಿದೆ ಅಂತ ಅವನಿಗೆ ಆಗ ಗೊತ್ತಾಯಿತು. ಕೈಯಲ್ಲಿ ಚಪ್ಪಲಿ ಇತ್ತು.

ರೆಫರಿ ಬೇರೆ ಊರಿನ ಡ್ರಿಲ್ ಮೇಷ್ಟ್ರು, ಒಳ್ಳೇ ಮನುಷ್ಯ. ಅವರು ನಮ್ಮ ಮೇಷ್ಟ್ರ ಹತ್ತಿರ ಬಂದು ದನಿ ತಗ್ಗಿಸಿದರು. "ಸಾರ್, ಏನೋ ಗಲಿಬಿಲಿ ಆಗೈತೆ. ನೀವು ಒಂದು ಮಾತು ಹೇಳಿ, ಇದನ್ನ ಗೋಲ್ ಅಂತ ಹಿಡಿಯಲ್ಲ. ಅವ್ರ ಮೇಷ್ಟ್ರೂ ಒಪ್ಕೊಂಡವ್ರೆ."

ಎಲ್ಲ ಅದರ ಮೇಲೆ ನಿಂತಿತ್ತು. ತಂಡ, ಮೈದಾನ, ಮುಂದಿನ ವರ್ಷ. ಒಂದು ಮಾತು. ಪ್ರಿನ್ಸಿಪಾಲರು ಓಡಿ ಬಂದರು, "ಹೇಳ್ರೀ, ಹೇಳ್ರೀ, ಇದೆಂಥಾ ಗೋಲು," ಅನ್ನುತ್ತಾ.

ಮೇಷ್ಟ್ರು ರೆಫರಿಯನ್ನು ಕೇಳಿದರು. "ನೀವು ವಿಷಲ್ ಊದಿದ್ರಾ?"

"ಇಲ್ಲ."

"ಬಾಲ್ ಗೆರೆ ಒಳಗೆ ಹೋಯ್ತಲ್ವಾ?"

"ಹೋಯ್ತು, ಆದ್ರೆ ಸಾರ್..."

ಮೇಷ್ಟ್ರು ಪ್ರಿನ್ಸಿಪಾಲರ ಕಡೆ ತಿರುಗಿ ಹೇಳಿದರು, "ಸಾರ್, ನಮ್ ಹುಡುಗ್ರು ಕೆಲಸಕ್ಕೆ ಓಡಿದ್ರು, ಅದು ತಪ್ಪಲ್ಲ. ಆ ಹುಡುಗ ಗೋಲ್ ಹೊಡೆದ, ಅದೂ ತಪ್ಪಲ್ಲ. ಯಾರ್ದೂ ತಪ್ಪಿಲ್ಲ ಅಂದ್ಮೇಲೆ ನಾನು ಏನಂತ ಕೇಳ್ಲಿ?"

ಅಷ್ಟು ಹೊತ್ತಿಗೆ ಓಡಿದವರನ್ನೆಲ್ಲ ನಾಗರಾಜ ಕೂಗಿ ವಾಪಸ್ ಕರೆದಿದ್ದ. ಉಳಿದ ನಿಮಿಷಗಳಲ್ಲಿ ನಮ್ಮ ಹುಡುಗರು ಹುಚ್ಚರ ಹಾಗೆ ಆಡಿದರು. ಆಗಲಿಲ್ಲ. ಒಂದು, ಒಂದು. ಡ್ರಾ. ಡ್ರಾ ಗೆಲುವಲ್ಲ.

ಪ್ರಿನ್ಸಿಪಾಲರು ಕರವಸ್ತ್ರದಲ್ಲಿ ಮುಖ ಒರೆಸಿಕೊಂಡರು. "ಒಂದು ಮಾತು ಹೇಳಿದ್ರೆ ಆಗೋದು ಕಣ್ರೀ. ಈಗ ನನ್ ಮಾತು ನಾನು ಹೆಂಗೆ ಬಿಡ್ಲಿ?"

"ಬಿಡಬೇಡಿ ಸಾರ್," ಅಂದರು ಮೇಷ್ಟ್ರು. ಸಿಟ್ಟಿನಿಂದ ಅಂದದ್ದಲ್ಲ. ನಾನು ಪಕ್ಕದಲ್ಲೇ ಇದ್ದೆ, ನನಗೆ ಕಂಡಿತು.

ಪ್ರಿನ್ಸಿಪಾಲರು ಮಾತು ಬಿಡಲಿಲ್ಲ. ಕಂಬಗಳು ಹೋದವು. ಈಗ ಅಲ್ಲಿ ಎರಡಂತಸ್ತಿನ ಕಟ್ಟಡವಿದೆ. ಮಗಳ ಅಡ್ಮಿಶನ್ನಿಗೆ ಹೋದಾಗ ಕ್ಯೂನಲ್ಲಿ ನಿಂತು ಲೆಕ್ಕ ಹಾಕಿದೆ, ಶಬ್ಬೀರನ ಗೋಲು ಎಲ್ಲಿತ್ತು ಅಂತ. ಫೀಸ್ ಕಟ್ಟುವ ಕೌಂಟರಿನ ಹತ್ತಿರ ಬರುತ್ತದೆ. ಮೇಷ್ಟ್ರು ರಿಟೈರ್ ಆಗುವವರೆಗೂ ಮುಂಗಾರು ಮಾರುತ ಹೇಳಿಕೊಡುತ್ತಾ ಇದ್ದರು. ಮತ್ತೆ ಯಾವ ಇನ್‌ಚಾರ್ಜೂ ತಗೊಳ್ಳಲಿಲ್ಲ. ಆ ಒಂದು ಮಾತು ಯಾಕೆ ಹೇಳಲಿಲ್ಲ ಅಂತ ನಾವು ಯಾರೂ ಅವರನ್ನು ಕೇಳಲಿಲ್ಲ. ಸಿಟ್ಟು ಬಂದಿರಲಿಲ್ಲವಾ ಅಂದರೆ, ನನಗಂತೂ ಬಂದಿತ್ತು. ಆ ಸಂಜೆಯೇ ಅರ್ಧ ಇಳಿಯಿತು.

ಮ್ಯಾಚ್ ಮುಗಿದು ಪ್ರಿನ್ಸಿಪಾಲರು ಹೋದ ಮೇಲೆ ಮೇಷ್ಟ್ರು ಹುಡುಗರಿಗೆ, "ಹೋಗ್ರಪ್ಪಾ, ಮನೇಲಿ ಕಾಯ್ತಿರ್ತಾರೆ," ಅಂದರು. ಮಗ್ಗಗಳು ಊರ ತುಂಬಾ ಓಡುತ್ತಿದ್ದವು. ಯಾರೂ ಹೋಗಲಿಲ್ಲ. ನಾಗರಾಜ ಬಾಲನ್ನು ಕಾಲಿನಿಂದ ತಳ್ಳಿದ. ಶಬ್ಬೀರ ವಾಪಸ್ ತಳ್ಳಿದ. ಇನ್ನೊಬ್ಬ ಸೇರಿದ. ದೇವನಹಳ್ಳಿ ಹುಡುಗರ ವ್ಯಾನು ಇನ್ನೂ ಬಂದಿರಲಿಲ್ಲ, ಅವರೂ ಒಬ್ಬೊಬ್ಬರಾಗಿ ಮೈದಾನಕ್ಕೆ ಇಳಿದರು. ಯಾರು ಯಾವ ಕಡೆ ಅಂತ ಇಲ್ಲ, ಗೋಲ್ ಯಾವುದು ಅಂತ ಇಲ್ಲ. ಬಾಲು ಒಬ್ಬರಿಂದ ಒಬ್ಬರಿಗೆ ಹೋಗುತ್ತಾ ಬರುತ್ತಾ, ಊರಿನ ಟಕಟಕದ ಮೇಲೇ ತೇಲಿಕೊಂಡಿದ್ದ ಹಾಗೆ. ಸೂರ್ಯ ಇಳಿದಿದ್ದ. ಧೂಳು ಬಂಗಾರದ ಬಣ್ಣದಿಂದ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು.

ಅಷ್ಟು ಹೊತ್ತಿಗೆ ನಾಗರಾಜನ ಅಪ್ಪ ಬಂದರು. ಲುಂಗಿ ಮೇಲೆತ್ತಿ ಕಟ್ಟಿದ್ದರು, ಕಣ್ಣು ಕೆಂಪಗಿತ್ತು. ಕರೆಂಟ್ ಹೋದ ಹೊತ್ತಿಗೆ ಅಪ್ಪಂದಿರೆಲ್ಲ ಮಲಗುತ್ತಿದ್ದರು, ಅವರಿಗೆ ಸಿಗುತ್ತಿದ್ದ ನಿದ್ದೆ ಅದೊಂದೇ. ಮಗ ಆಡುವುದನ್ನು ಅವರು ಯಾವತ್ತೂ ನೋಡಿರಲಿಲ್ಲ.

"ನನ್ ಮಗ ಎಲ್ಲಿ ಸಾರ್? ಕರೆಂಟ್ ಬಂದು ಎಷ್ಟೊತ್ತಾಯ್ತು. ಮಗ್ಗ ಸುಮ್ನೆ ನಿಂತೈತೆ."

ಮೇಷ್ಟ್ರು ಕೈ ತೋರಿಸಿದರು.

"ಇನ್ನೂ ಮ್ಯಾಚ್ ಮುಗಿದಿಲ್ವಾ?"

"ಮುಗೀತಣ್ಣ."

"ಗೆದ್ರಾ?"

"ಇಲ್ಲ."

"ಮತ್ತೆ ಇನ್ನೇನ್ ಆಡ್ತಾವ್ರೆ?"

"ಗೊತ್ತಿಲ್ಲಣ್ಣ. ನಾನೂ ಅದನ್ನೇ ನೋಡ್ತಾ ಇದೀನಿ."

ನಾಗರಾಜನ ಅಪ್ಪ ಮಗನನ್ನು ಕೂಗಲು ಬಾಯಿ ತೆರೆದರು. ಆ ಹೊತ್ತಿಗೆ ನಾಗರಾಜ ಇಬ್ಬರ ನಡುವೆ ನುಸುಳಿ, ಬಾಲನ್ನು ಬಿಟ್ಟು, ಯಾರೂ ಇಲ್ಲದ ಒಂದು ಜಾಗಕ್ಕೆ ಹೋಗಿ ನಿಂತ. ಬಾಲು ಅವನನ್ನು ಹುಡುಕಿಕೊಂಡು ಹೋಯಿತು. ಕೂಗು ಅಪ್ಪನ ಬಾಯಲ್ಲೇ ಉಳಿಯಿತು.

ಆಮೇಲೆ ಅವರು ಕೇಳಿದರು, "ಇವ್ನು ದಿನಾ ಹಿಂಗೇ ಓಡ್ತಾನಾ ಸಾರ್?"

"ದಿನಾ."

ಅವರು ಲುಂಗಿ ಇಳಿಬಿಟ್ಟು ಮೇಷ್ಟ್ರ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ಸರಿ," ಅಂದರು. "ಕತ್ಲಾಗ್ಲಿ ಬಿಡಿ."